ಇಂಗ್ಲಿಷಿನ ‘ಈವನ್’ ಪದದ ಅರ್ಥವೇನು? ‘ಆಲ್ಸೋ’ಗೂ ಅದಕ್ಕೂ ಏನು ವ್ಯತ್ಯಾಸ?

‘ಆಲ್ಸೋ’ ಬರೀ ಸೇರಿಸುತ್ತದೆ. ‘ಈವನ್’ ಸೇರಿಸುವಾಗ ಹುಬ್ಬನ್ನೂ ಏರಿಸುತ್ತದೆ. ‘ಮಗುವೂ ಇದನ್ನು ಎತ್ತಬಲ್ಲದು’ ಎಂಬ ಮಾತಿನಲ್ಲಿ ಮಗುವಿನಿಂದ ಅಷ್ಟನ್ನು ಯಾರೂ ನಿರೀಕ್ಷಿಸಿರಲಿಲ್ಲ ಎಂಬ ಧ್ವನಿಯಿದೆಯಲ್ಲ, ಅದೇ ‘ಈವನ್’. ‘ಮಗುವೂ ಬಂದಿತ್ತು’ ಎಂದಾಗ ಸಾಮಾನ್ಯವಾಗಿ ‘ಆಲ್ಸೋ’ ಸಾಕು. ನಮ್ಮ ‘ಊ’ ಎರಡೂ ಕೆಲಸ ಮಾಡುವುದರಿಂದಲೇ ಈ ಗೊಂದಲ. ‘ಅವನು ತಿರುಗಿಯೂ ನೋಡಲಿಲ್ಲ’ ಎನ್ನುವಲ್ಲಿ ‘ಆಲ್ಸೋ’ ಹಾಕಿದರೆ ವಾಕ್ಯವೇ ಕೆಡುತ್ತದೆ.

‘ಈವನ್ ಇಫ್’ ಎಂದರೆ ‘ಬಂದರೂ’, ‘ಹೋದರೂ’ ಎಂಬಲ್ಲಿನ ‘ರೂ’. ಅಲ್ಲಿಯೂ ಅಡಗಿರುವುದು ಅದೇ ‘ಊ’. ‘ಈವನ್ ಬೆಟರ್’ ಎಂದರೆ ‘ಇನ್ನೂ ಒಳ್ಳೆಯದು’.

ಗುಣವಾಚಕವಾದಾಗ ಮಾತ್ರ ಕೆಲಸ ಸುಲಭ: ಸಮಸಂಖ್ಯೆ, ಸಮತಟ್ಟು ನೆಲ, ಎರಡಕ್ಕೂ ‘ಸಮ’ ಒದಗುತ್ತದೆ. ‘ಗೆಟ್ ಈವನ್’ ಎಂದರೆ ಸೇಡು ತೀರಿಸಿಕೊಳ್ಳುವುದು. ಅಲ್ಲಿಯೂ ಲೆಕ್ಕ ಸಮವಾಗುತ್ತದೆ ಎನ್ನಿ!