ಮೊದಲ ಹ್ಯಾಮ್ ಸ್ಪರ್ಧೆಗೆ ಇಷ್ಟು ಸಾಕಾ?

ಪ್ರಶ್ನೆ: ಈಚೆಗಷ್ಟೇ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂತು. ಬಾಡಿಗೆ ಮನೆ. ತಾರಸಿ ಮೇಲೆ ತಂತಿ ಕಟ್ಟಲು ಓನರ್ ಒಪ್ಪಿದ್ದಾರೆ. ಅಕ್ಟೋಬರ್ ಕೊನೆಯ ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಗೆ (ಲೋಕದ ಹ್ಯಾಮ್‌ಗಳ ಜೊತೆ ಆದಷ್ಟು ಹೆಚ್ಚು ರೇಡಿಯೊ ಸಂಪರ್ಕ ಮಾಡುವುದು) ಒಂದು ಡೈಪೋಲ್, ಅಂದರೆ ತಂತಿಯ ಸರಳ ಆಂಟೆನಾ, ಸಾಕಾ? – ಓದುಗರೊಬ್ಬರು, ಜಯನಗರ

ಉತ್ತರ: ಧಾರಾಳವಾಗಿ ಸಾಕು. 20 ಮೀಟರ್ ಬ್ಯಾಂಡಿಗೆ (ಸುಮಾರು 20 ಮೀಟರ್ ಉದ್ದದ ರೇಡಿಯೊ ಅಲೆಗಳಿಗೆ) ಒಟ್ಟು 10 ಮೀಟರ್ ತಂತಿ, ನಡುವೆ ಫೀಡ್ (ರೇಡಿಯೊದಿಂದ ಬರುವ ಕೇಬಲ್). ನೀರಿನ ಟ್ಯಾಂಕಿನ ಪಕ್ಕ ಒಂದು ಬಿದಿರು ನಿಲ್ಲಿಸಿದರೆ ಆಯಿತು. ಕರೆಂಟ್ ತಂತಿ ಮಾತ್ರ ದೂರ ಇರಲಿ. ನಮ್ಮ ಊರಿನಲ್ಲಿ ನಿಜವಾದ ತೊಂದರೆ ವಿದ್ಯುತ್ ಉಪಕರಣಗಳಿಂದ ರೇಡಿಯೊದಲ್ಲಿ ಬರುವ ಗದ್ದಲ. ಎಲ್‌ಇಡಿ ಬಲ್ಬು, ಚಾರ್ಜರ್ ಒಂದೊಂದಾಗಿ ಆರಿಸಿ, ರೇಡಿಯೊದ ಮೀಟರಿನ ಮುಳ್ಳು ಯಾವಾಗ ಇಳಿಯುತ್ತದೆ ನೋಡಿ.

ಸ್ಪರ್ಧೆ ಶುರುವಾಗುವುದು ನಮ್ಮ ಶನಿವಾರ ಬೆಳಿಗ್ಗೆ 5.30ಕ್ಕೆ. 48 ಗಂಟೆಯೂ ಕೂರಬೇಕಿಲ್ಲ. ನೀವು ಕರೆಯುತ್ತಾ ಕೂರಬೇಡಿ, ಬೇರೆಯವರು ಕರೆಯುವುದನ್ನು ಹುಡುಕಿ ಉತ್ತರ ಕೊಡಿ. ಮೊದಲು ಎರಡು ಮೂರು ಸಲ ಸುಮ್ನೆ ಕೇಳಿ. ಅವರ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಅಕ್ಷರ, ಅಂಕಿ) ಬರೆದುಕೊಳ್ಳಿ. ಆಮೇಲೆ ನಿಮ್ಮ ಕಾಲ್‌ಸೈನ್ ಒಂದೇ ಸಲ, ಸ್ಪಷ್ಟವಾಗಿ. ಅವರು ನಿಮ್ಮನ್ನು ಕರೆದರೆ 'ಫೈವ್ ನೈನ್ ಟೂ ಟೂ' ಅನ್ನಿ. 'ಫೈವ್ ನೈನ್' ಅಂದರೆ ಚೆನ್ನಾಗಿ ಕೇಳಿಸುತ್ತಿದೆ ಅಂತ, 'ಟೂ ಟೂ' ನಮ್ಮ ವಲಯ: ಸ್ಪರ್ಧೆಗಾಗಿ ಜಗತ್ತನ್ನು ಹಂಚಿದ ವಲಯಗಳಲ್ಲಿ ಭಾರತ ಇರುವುದು 22ನೇ ವಲಯದಲ್ಲಿ. ಹವಾಮಾನ, ಕುಶಲ ಬೇಡ, ಹಿಂದೆ ಜನ ಕಾಯುತ್ತಿರುತ್ತಾರೆ!

ಬೇರೆ ಖಂಡದ ಒಂದೊಂದು ಸಂಪರ್ಕಕ್ಕೆ 3 ಅಂಕ, ಏಷ್ಯಾದ ಬೇರೆ ದೇಶಕ್ಕೆ 1. ನಮ್ಮವರ ಜೊತೆ ಅಂಕ ಸೊನ್ನೆ, ಆದರೂ ಗುಣಕಕ್ಕೆ (ಒಟ್ಟು ಅಂಕವನ್ನು ಗುಣಿಸುವ ದೇಶ, ವಲಯಗಳ ಎಣಿಕೆಗೆ) ಲೆಕ್ಕ. ಆದ್ದರಿಂದ ಸಂಜೆ ಯುರೋಪ್ ಕೇಳಿಸುವ ಹೊತ್ತನ್ನು ಖಂಡಿತ ಬಿಡಬೇಡಿ. ಲಾಗ್‌ಗೆ (ಸಂಪರ್ಕಗಳ ಪಟ್ಟಿಗೆ) ಎನ್1ಎಂಎಂ ಸಾಫ್ಟ್‌ವೇರ್ ಉಚಿತ. ಲೈಸೆನ್ಸ್ ಸಿಕ್ಕಿ 3 ವರ್ಷ ದಾಟದವರಿಗೆ ರೂಕಿ (ಹೊಸಬರ) ವಿಭಾಗವೇ ಇದೆ, ಅದನ್ನೇ ಆರಿಸಿ. ಎಷ್ಟೇ ಕಡಿಮೆ ಸಂಪರ್ಕ ಆಗಿದ್ದರೂ ಲಾಗನ್ನು ಸ್ಪರ್ಧೆ ಮುಗಿದ 5 ದಿನದೊಳಗೆ ಕಳಿಸಿಬಿಡಿ.