ನಾಲ್ಕು ಕೋರ್ಸ್ ಸೇರಿದೆ, ಒಂದೂ ಮುಗಿಯಲಿಲ್ಲ

ಪ್ರಶ್ನೆ: ಮಂಡ್ಯದಲ್ಲಿ ಬಿ.ಎಸ್‌ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ಕಲಿಯೋಣವೆಂದು ಆನ್‌ಲೈನ್‌ನಲ್ಲಿ ನಾಲ್ಕು ಉಚಿತ ಕೋರ್ಸ್ ಸೇರಿದೆ. ಯಾವುದೂ ಮೂರನೇ ವಾರ ದಾಟಲಿಲ್ಲ. ಅಮೆರಿಕದ ಮೇಷ್ಟ್ರ ಇಂಗ್ಲಿಷ್ ಕಿವಿಗೇ ಹತ್ತುವುದಿಲ್ಲ. ಕಬ್ಬು ಬೆಳೆಯುವ ನಮ್ಮಪ್ಪ ‘ಪುಕ್ಕಟೆ ಸಿಕ್ಕಿದ್ದಕ್ಕೆ ಏನವ್ವ ಬೆಲೆ?’ ಅಂತಾರೆ. ತಪ್ಪು ನನ್ನದಾ?

ಉತ್ತರ: ಅಲ್ಲಮ್ಮ. ನಡುವೆ ಬಿಟ್ಟವರೇ ಲೋಕದಲ್ಲಿ ಹೆಚ್ಚು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಎಲ್ಲರಿಗೂ ತೆರೆದಿಟ್ಟಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಮುಗಿಸಿದವರು 20 ಸಾವಿರದ ಆಸುಪಾಸು. ಮರುವರ್ಷ ಕೋರ್ಸೆರಾ, ಎಡ್‌ಎಕ್ಸ್ ಎಂಬ ಆನ್‌ಲೈನ್ ಪಾಠದ ತಾಣಗಳು ಬಂದವು. ಬಡ ದೇಶಗಳ ಮಕ್ಕಳ ಮನೆಬಾಗಿಲಿಗೇ ದೊಡ್ಡ ವಿಶ್ವವಿದ್ಯಾಲಯ ಬಂತೆಂದು ನಾವು ಮೇಷ್ಟರುಗಳೆಲ್ಲ ಹಿಗ್ಗಿದೆವು. ಆಮೇಲೆ ಎಡ್‌ಎಕ್ಸ್‌ನಲ್ಲಿದ್ದ ಎಂಐಟಿ, ಹಾರ್ವರ್ಡ್ ಕೋರ್ಸ್‌ಗಳ ಲೆಕ್ಕ ತೆಗೆದು ನೋಡಿದರೆ 2017–18ರಲ್ಲಿ ಸೇರಿದ ನೂರು ಮಂದಿಯಲ್ಲಿ ಮುಗಿಸಿದವರು ಮೂವರು. ಕಲಿಯಲು ಬಂದವರಲ್ಲೂ ಅನುಕೂಲಸ್ಥ ದೇಶಗಳವರೇ ಹೆಚ್ಚು. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ. ಪಾಠ ಉಚಿತವಾದರೂ ಬಿಡುವು, ಭಾಷೆ, ಪಕ್ಕದಲ್ಲಿ ಕೂತು ಸಂಶಯ ಬಿಡಿಸುವವರು, ಇವು ಯಾರಿಗೂ ಉಚಿತವಾಗಿ ಸಿಗುವುದಿಲ್ಲ.

ಹಾಗೆಂದು ಕೈಬಿಡಬೇಡಿ. ನಾಲ್ಕು ಬೇಡ, ಒಂದೇ ಹಿಡಿಯಿರಿ. ಅದಕ್ಕೊಂದು ಪರೀಕ್ಷೆಯ ತಾರೀಕು ಇರಲಿ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ತಾಣದಲ್ಲಿ ಪಾಠ ಕೇಳುವುದು ಉಚಿತ. ವಾರವಾರ ಅಸೈನ್‌ಮೆಂಟ್ ಇರುತ್ತದೆ. ಪ್ರಮಾಣಪತ್ರ ಬೇಕಿದ್ದರೆ ಸುಮಾರು 1000 ರೂಪಾಯಿ ಕಟ್ಟಿ, ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು. ಮೈಸೂರಿನಲ್ಲಿ ನನ್ನ ಬಳಿ ಕಲಿತವರಲ್ಲಿ ಆ ದುಡ್ಡು ಕಟ್ಟಿದವರು ಕೊನೆತನಕ ಓದಿದ್ದನ್ನು ಕಂಡಿದ್ದೇನೆ. ಐಐಟಿ ರೋಪರ್‌ನ ‘ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ 12 ವಾರದ್ದು. ಪ್ರೋಗ್ರಾಂ ಬರೆದೇ ಗೊತ್ತಿಲ್ಲದವರಿಗೂ ಹೊಂದುತ್ತದೆ. ಮೇಷ್ಟ್ರ ಇಂಗ್ಲಿಷೂ ನಮ್ಮ ಕಡೆಯದೇ.

ಭಾಷೆಯ ತೊಡಕಿಗೆ ನನಗೆ ಗೊತ್ತಿರುವ ಉಪಾಯ ಇಷ್ಟೇ: ವಿಡಿಯೊದ ವೇಗ ಮುಕ್ಕಾಲಿಗೆ ಇಳಿಸಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಆಮೇಲೆ ಗೆಳತಿಗೆ ಅದನ್ನೇ ಕನ್ನಡದಲ್ಲಿ ಹೇಳಿ. ಹೇಳುವಾಗ ಎಲ್ಲಿ ತಡವರಿಸುತ್ತೀರೋ ಅಷ್ಟನ್ನು ಮಾತ್ರ ಮತ್ತೆ ನೋಡಿದರೆ ಸಾಕು. ಒಬ್ಬರೇ ಕೂರಬೇಡಿ, ಕ್ಲಾಸಿನ ಇಬ್ಬರನ್ನಾದರೂ ಜೊತೆಗೆ ಸೇರಿಸಿಕೊಳ್ಳಿ.

ಇನ್ನೊಂದು ಮಾತು. ಎನ್‌ಪಿಟಿಇಎಲ್ ಪಾಠಗಳೂ ಸಿಗುವ, ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಕೋರ್ಸ್‌ಗಳ ಕ್ರೆಡಿಟ್‌ ಅನ್ನು ಪದವಿಗೆ ಸೇರಿಸಿಕೊಳ್ಳಲು ಯುಜಿಸಿ ನಿಯಮದಲ್ಲಿ ಅವಕಾಶವಿದೆ. ಆದರೆ ನಿಮ್ಮ ಕಾಲೇಜು ಒಪ್ಪಬೇಕು. ದುಡ್ಡು ಕಟ್ಟುವ ಮೊದಲೇ ವಿಭಾಗದ ಮುಖ್ಯಸ್ಥರನ್ನು ಕೇಳಿಬಿಡಿ.

ಅಪ್ಪನಿಗೆ ಪ್ರಮಾಣಪತ್ರ ತೋರಿಸುವ ಮುಂಚೆ ಒಂದು ಪುಟ್ಟ ಪ್ರೋಗ್ರಾಂ ಬರೆದು ತೋರಿಸಿ. ಕಬ್ಬಿನ ತೂಕ, ಟನ್ನಿನ ದರ, ಕಟಾವಿನ ಕೂಲಿ, ಲಾರಿ ಬಾಡಿಗೆ ಹಾಕಿದರೆ ಕೈಗೆ ಉಳಿಯುವುದೆಷ್ಟೆಂದು ಅದು ಹೇಳಲಿ. ನಾಲ್ಕನೇ ವಾರದ ಹೊತ್ತಿಗೆ ಅಷ್ಟು ನಿಮ್ಮ ಕೈಲಾಗುತ್ತದೆ.