ಹೊಲಕ್ಕೆ ಶಾಲಾ ಪ್ರವಾಸ ಹೋದರೆ ಮಕ್ಕಳು ನಿಜಕ್ಕೂ ವಿಜ್ಞಾನ ಕಲಿಯುತ್ತಾರಾ?

ಮೂರನೇ ಕ್ಲಾಸಿನ ಮಗಳನ್ನು ಪುಣೆಯ ಶಾಲೆಯವರು ಸಾಸವಡ ಕಡೆಯ ಹೊಲಕ್ಕೆ ಕರೆದೊಯ್ಯುತ್ತಾರಂತೆ, ಎತ್ತಿನ ಗಾಡಿ ಹತ್ತಿಸಿ ಪಿಠಲ-ಭಾಕ್ರಿ ತಿನ್ನಿಸಿ ಕಳಿಸಿದರೆ ಅದರಲ್ಲಿ ವಿಜ್ಞಾನ ಎಲ್ಲಿ ಬಂತು ಅಂತ ಕೇಳಿದ್ದೀರಿ. ನಾನು ವಿಜಯಪುರದ ಕಡೆಯವಳು, ಈಗ ಇಲ್ಲೇ ಪುಣೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಿಮ್ಮ ಅನುಮಾನ ಸುಳ್ಳಲ್ಲ. ಮೊದಲ ಸಲ ನಾನೂ ಮಕ್ಕಳ ಕೈಗೆ ಎರಡು ಪುಟದ ವರ್ಕ್‌ಶೀಟ್ ಕೊಟ್ಟು ಕರೆದೊಯ್ದಿದ್ದೆ. ಅದನ್ನು ತುಂಬುವ ಗಡಿಬಿಡಿಯಲ್ಲಿ ಒಬ್ಬರೂ ತಲೆ ಎತ್ತಿ ಹೊಲ ನೋಡಲಿಲ್ಲ.

ಮರುವರ್ಷ ವರ್ಕ್‌ಶೀಟ್ ಬಿಟ್ಟೆ. ಆಗಸ್ಟ್ ಕೊನೆ, ಸಾಸವಡ ದಾರಿಯ ದಿವೆ ಘಾಟ್ ಹಸಿರಾಗಿತ್ತು. ನೋಡಿದ್ದು ಒಂದೇ ಗಿಡ, ಶೇಂಗಾ. ಕೀಳುವ ಮೊದಲು, "ಕಾಯಿ ಎಲ್ಲಿರುತ್ತೆ?" ಅಂದೆ. "ಬೇರಲ್ಲಿ!" ಅಂತ ಎಲ್ಲರೂ. ಹೊಲದ ಕಾಕಾ ಒಂದು ಗಿಡವನ್ನು ಮೆಲ್ಲಗೆ ಕಿತ್ತು ಮಣ್ಣು ಕೊಡವಿದರು. ಮೇಲೆ ಹಳದಿ ಹೂವು, ಕಾಂಡದಿಂದ ಕೆಳಗಿಳಿದ ಸೂಜಿಯಂಥ ಕಡ್ಡಿಗಳು, ಕೆಲವು ಕಡ್ಡಿಗಳ ತುದಿಯಲ್ಲಿ ಎಳೆಕಾಯಿ. ಬೇರು ಬೇರೆಯೇ ಇತ್ತು. ಪರಾಗಸ್ಪರ್ಶವಾದ ಮೇಲೆ ಹೂವಿನ ಬುಡದಿಂದ ಈ ಕಡ್ಡಿ ಬೆಳೆದು ಮಣ್ಣು ಹೊಗುತ್ತದೆ, ಅಲ್ಲಿನ ಕತ್ತಲಲ್ಲೇ ಕಾಯಿ ಕಟ್ಟುತ್ತದೆ. ಮಣ್ಣು ಮುಟ್ಟದ ಕಡ್ಡಿಯಲ್ಲಿ ಕಾಯಿಲ್ಲ. ಶೇಂಗಾಕ್ಕೆ ಸಡಿಲ ಮಣ್ಣೇ ಏಕೆ ಬೇಕು ಅಂತ ಕಾಕಾ ಮರಾಠಿಯಲ್ಲಿ ವಿವರಿಸಿದ್ದು ನನ್ನ ಪಾಠಕ್ಕಿಂತ ಚೆನ್ನಾಗಿತ್ತು. (ನಮ್ಮ ನೆಲಗಡಲೆ, ಅವರ ಭುಯಿಮೂಗ್, ಎರಡೂ ಹೆಸರಲ್ಲಿ ನೆಲವೂ ಇದೆ, ಕಾಳೂ ಇದೆ.)

ಆಮೇಲೆ ಬೇರಿನ ಮೇಲಿನ ಸಣ್ಣ ಗಂಟುಗಳು. "ಇದಕ್ಕೆ ರೋಗ ಬಂದಿದೆ" ಅಂದ ಒಬ್ಬ. ಉಗುರಿನಿಂದ ಸೀಳಿ ನೋಡಿದರೆ ಒಳಗೆ ನಸುಗೆಂಪು. ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡಿಕೊಡುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಗಂಟಿನೊಳಗೆ ಕೆಂಪಿದ್ದರೆ ಕೆಲಸ ನಡೆದಿದೆ ಅಂತಲೇ ಅರ್ಥ. ಆ ಸಾರಜನಕದಲ್ಲಿ ಒಂದಿಷ್ಟು ಮಣ್ಣಲ್ಲೇ ಉಳಿದು ಮುಂದಿನ ಬೆಳೆಗೂ ಸಿಗುತ್ತದೆ. ನಮ್ಮಪ್ಪ ಶೇಂಗಾ ಬೆಳೆದ ಹೊಲದಲ್ಲೇ ಮುಂದೆ ಜೋಳ ಹಾಕುತ್ತಿದ್ದುದರ ಗುಟ್ಟು ನನಗೆ ತಿಳಿದದ್ದು ಟೀಚರ್ ಆದ ಮೇಲೆ!

ಹಸು, ಗೋಬರ್ ಗ್ಯಾಸ್ ಎಲ್ಲ ಇದ್ದವು, ನೋಡಿ ಬಂದೆವು ಅಷ್ಟೇ.

ಹಾಗಾಗಿ ದುಡ್ಡು ಕಟ್ಟಿ, ಕಳಿಸಿ. ಆದರೆ ಆ ಸಮಯದಲ್ಲಿ ಹೊಲದಲ್ಲಿ ಯಾವ ಬೆಳೆ ಇರುತ್ತೆ, ಮಕ್ಕಳಿಗೆ ಒಂದು ಗಿಡವನ್ನಾದರೂ ಕೀಳಲು ಬಿಡುತ್ತಾರಾ ಅಂತ ಶಾಲೆಯವರನ್ನು ಮೊದಲೇ ಕೇಳಿ. ಬಿಡುವುದಿಲ್ಲ ಅಂದರೆ ಅದು ಬರೀ ಪಿಕ್ನಿಕ್. ಮಗಳಿಗೆ ಉತ್ತರ ಹೇಳಿಕೊಟ್ಟು ಕಳಿಸಬೇಡಿ, ಏನಿರಬಹುದು ಅಂತ ಅವಳೇ ಊಹಿಸಿ ಹೋಗಲಿ. ಬಂದ ಮೇಲೆ ಬಾಲ್ಕನಿಯಲ್ಲಿ ತಳಕ್ಕೆ ತೂತು ಹಾಕಿದ ಹಳೇ ಬಕೆಟ್‌ನಲ್ಲಿ ನಾಲ್ಕು ಶೇಂಗಾ ಬೀಜ ಊರಿ. ಬಿಸಿಲು ಬೀಳುವ ಜಾಗವಾದರೆ ತಿಂಗಳೊಪ್ಪತ್ತಿನಲ್ಲಿ ಹೂವು ಕಾಣುತ್ತದೆ. ಹಸಿ ಬೀಜವೇ ಆಗಬೇಕು. ನಮ್ಮ ಕ್ಲಾಸಿನ ಒಬ್ಬ ಅಡುಗೆಮನೆ ಡಬ್ಬಿಯಿಂದ ಹುರಿದದ್ದನ್ನು ತಂದು ಊರಿ ಹದಿನೈದು ದಿನ ನೀರು ಹಾಕಿದ್ದ.